ಎಂಟರ ಇಂಜಿನ್

ವ್ಯಾನಕ್ಕನ ವ್ಯಾನು ನಡುರಸ್ತೆಯಲ್ಲಿ ಪ್ರಾಣ ಬಿಟ್ಟ ಸುದ್ದಿ ಬಂದಾಗ ಕಿವಿ ಮೇಸ್ತ್ರಿಗೆ ಒಳಗೊಳಗೇ ಖುಷಿಯಾಯಿತು. ಒಡಹುಟ್ಟಿದ ಅಕ್ಕನ ಗಾಡಿ, ಅವಳ ಹೊಟ್ಟೆಪಾಡು, ಎಲ್ಲ ನಿಜ. ಆದರೂ ಖುಷಿಯಾಯಿತು. ಯಾಕೆಂದರೆ ಅದು ಅವನು ಹೇಳಿದ ಹೊತ್ತಿಗೇ ಸತ್ತಿತ್ತು.

ಹತ್ತೊಂಬತ್ತು ದಿನದ ಹಿಂದೆ ಅಕ್ಕ, ನೂಲಿನ ಗಿರಣಿಯ ಹೆಂಗಸರನ್ನು ಪಾಳಿಗೆ ಇಳಿಸಿ ಹಿಂದಿರುಗುವಾಗ ತಮ್ಮನ ರಿಪೇರಿ ಶೆಡ್ಡಿನ ಮುಂದೆ ವ್ಯಾನು ನಿಲ್ಲಿಸಿದ್ದಳು. ಇಂಜಿನ್ ಓಡುತ್ತಲೇ ಇತ್ತು. ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟು, ಕತ್ತನ್ನು ಒಂದು ಮಗ್ಗುಲಿಗೆ ವಾಲಿಸಿ ಕಣ್ಣು ಮುಚ್ಚಿದ. ಅವನು ಹಾಗೆ ಕೂತರೆ ಬೀದಿಯವರು ಮಾತು ನಿಲ್ಲಿಸುತ್ತಿದ್ದರು. ಡಾಕ್ಟರು ನಾಡಿ ಹಿಡಿದಾಗ ಮನೆಯವರು ಸುಮ್ಮನಾಗುತ್ತಾರಲ್ಲ, ಹಾಗೆ. ಆಮೇಲೆ ಕಣ್ಣು ಬಿಟ್ಟು ಹೇಳಿದ್ದ: "ಮೂರನೇ ಸಿಲಿಂಡರಿನ ಕೆಳಗೆ ಯಾರೋ ಬಾಗಿಲು ತಟ್ತಾ ಇದಾರೆ ಅಕ್ಕ. ಇಪ್ಪತ್ತು ದಿನ ತಟ್ತಾರೆ. ಆಮೇಲೆ ಬಾಗಿಲು ಮುರ್ಕೊಂಡು ಹೊರಗೆ ಬರ್ತಾರೆ."

ಅಕ್ಕ ನಕ್ಕುಬಿಟ್ಟಿದ್ದಳು. ತಟ್ಟುತ್ತಿರುವುದು ತಮ್ಮನ ಕಿವಿಯೊಳಗೇ ಇರಬೇಕು, ಎರಡು ಹನಿ ಎಣ್ಣೆ ಬಿಟ್ಟುಕೊಳ್ಳಲಿ ಎಂದು ಗೇರು ಹಾಕಿ ಹೊರಟಿದ್ದಳು. ಈಗ ಲಾರಿಯೊಂದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಳು. ಸೀಟು ಎತ್ತಿ ನೋಡಿದರೆ ಕನೆಕ್ಟಿಂಗ್ ರಾಡು ತುಂಡಾಗಿ, ಬ್ಲಾಕಿನ ಪಕ್ಕೆ ಒಡೆದುಕೊಂಡು, ಮುರಿದ ಮೂಳೆಯ ಹಾಗೆ ಹೊರಗೆ ಇಣುಕುತ್ತಿತ್ತು. ಮೇಸ್ತ್ರಿ ಆ ತೂತಿನೊಳಗೆ ಬೆರಳು ಹಾಕಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ನಿಧಾನಕ್ಕೆ ಒರೆಸಿಕೊಂಡ.

"ಹತ್ತೊಂಬತ್ತು," ಎಂದ. "ಒಂದು ದಿನ ತಪ್ಪಿದೆ. ನನಗೂ ವಯಸ್ಸಾಯ್ತು."

ಅವನ ಜಾಯಮಾನವೇ ಅಂಥದ್ದು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಂಕಿಯೂ ಸ್ಪ್ಯಾನರುಗಳ ಮೇಲೆ ಕೊರೆದಿದ್ದ ಹತ್ತು, ಹನ್ನೆರಡು, ಹದಿನಾಲ್ಕು ನೋಡಿ ನೋಡಿ ಬಂದದ್ದು. ಉಳಿದದ್ದನ್ನೆಲ್ಲ ಕಿವಿಯಿಂದ, ಕೈಯಿಂದ ಕಲಿತಿದ್ದ. ಬೇರೆಯವರಿಗೆ ಕಲಿಸುವಾಗ ಮಾತ್ರ ಅವನದು ಒಂದೇ ದಾರಿ. ಏನೂ ಹೇಳುತ್ತಿರಲಿಲ್ಲ. ಎದುರಿಗಿದ್ದವನು ತಪ್ಪು ಮಾಡುತ್ತಿದ್ದರೆ ಕೂತು ನೋಡುತ್ತಿದ್ದ. ಯಾರಾದರೂ ಯಾಕಪ್ಪಾ ಎಂದರೆ, "ಹೇಳಿದ್ರೆ ಕಿವೀಲಿ ಕೂರುತ್ತೆ, ಕೈಗೆ ಇಳಿಯಲ್ಲ. ತಾನೇ ಕೆಡಿಸ್ಕೊಂಡ್ರೆ ಇಳಿಯುತ್ತೆ" ಎನ್ನುತ್ತಿದ್ದ.

ಆ ದಾರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಲಿತವನು ಅವನ ಅಳಿಯ. ಅಳಿಯ ಮೊದಲು ಅವನ ಕೈಕೆಳಗಿನ ಕೆಲಸಗಾರ. ಇಪ್ಪತ್ತಾರರ ಪ್ರಾಯದಲ್ಲಿ, ಓಡದ ಸೈಕಲ್ ಅಂಗಡಿ ಮುಚ್ಚಿ, ಇಂಜಿನ್ ಕೆಲಸ ಕಲಿಯುತ್ತೇನೆಂದು ಬಂದವನು. ಬಂದ ಮೂರನೇ ತಿಂಗಳು ನಾಲ್ಕು ಪಿಸ್ಟನ್ನಿಗೆ ರಿಂಗು ಕೂರಿಸುವಾಗ ಎರಡನೇ ರಿಂಗನ್ನು ನಾಲ್ಕಕ್ಕೂ ತಲೆಕೆಳಗಾಗಿ ಕೂರಿಸಿದ. ಮೇಸ್ತ್ರಿ ಪಕ್ಕದಲ್ಲೇ ಸ್ಟೂಲಿನ ಮೇಲಿದ್ದ. ಮೊದಲನೆಯದು ಹಾಕುವಾಗಲೇ ನೋಡಿದ್ದ, ತುಟಿ ಬಿಚ್ಚಲಿಲ್ಲ. ಮೂರು ದಿನ ದುಡಿದು ಅವನು ಎಲ್ಲ ಮುಚ್ಚಿ ಬಿಗಿದು ಸ್ಟಾರ್ಟ್ ಮಾಡುವ ಹೊತ್ತಿಗೆ ಮೇಸ್ತ್ರಿ ಬೀದಿಯವರನ್ನೆಲ್ಲ ಚಹಾಕ್ಕೆ ಕರೆದಿದ್ದ. ಎದುರು ಮನೆಯ ಕಿಟಕಿ ಕಾಣದಷ್ಟು ನೀಲಿ ಹೊಗೆ ಎದ್ದಿತು. ಜನ ಕೆಮ್ಮಿಕೊಂಡೇ ನಕ್ಕರು. ಅವತ್ತಿನಿಂದ ಅವನ ಹೆಸರು ರಿಂಗು. ಮೇಸ್ತ್ರಿಯ ಮಗಳನ್ನು ಮದುವೆಯಾದಾಗಲೂ ರಿಂಗು. ಮಾವನ ಮೊಣಕಾಲು ಕೈಕೊಟ್ಟು ಶೆಡ್ಡು ಅವನ ಹೆಸರಿಗೆ ಬಂದಾಗಲೂ ರಿಂಗು. ಗಿರಾಕಿ ಬಂದು ಯಜಮಾನರು ಎಲ್ಲಿ ಎಂದು ಕೇಳಿದರೆ ಮೇಸ್ತ್ರಿ ಒಳಗಿನಿಂದ, "ಏ ರಿಂಗು, ನಿನ್ನನ್ನೇ ಕೇಳ್ತಿರೋದು" ಎಂದು ಕೂಗುತ್ತಿದ್ದ. ರಿಂಗು ನಗುತ್ತಿದ್ದ. ಹದಿನಾರು ವರ್ಷ ನಕ್ಕಿದ್ದ.

ವ್ಯಾನು ಬಂದ ದಿನ ರಿಂಗು ಕೈ ತೊಳೆದುಕೊಂಡು, ಮಾವನ ಬೆಂಚಿನ ಹತ್ತಿರ ಬಂದು ನಿಂತ. ಬಹಳ ದಿನದಿಂದ ಅವನಿಗೆ ಆ ಜಾಗದ ಮೇಲೆ ಕಣ್ಣಿತ್ತು. ಗಾಡಿ ಮೇಲೆತ್ತುವ ಹೊಸ ಲಿಫ್ಟು ಹಾಕಿಸಬೇಕಿತ್ತು. ಅದರ ಕಾಲು ಊರುವುದಕ್ಕೆ ಸರಿಯಾದ ಜಾಗ ಬೆಂಚಿನ ಕೆಳಗೇ ಇತ್ತು. ಮಾವ ಬೆಂಚು ಬಿಡುತ್ತಿರಲಿಲ್ಲ. ಬೆಂಚು ಹೋದರೆ ತಾನು ದಿನವೂ ಶೆಡ್ಡಿಗೆ ಬಂದು ಕೂರುವುದಕ್ಕೆ ನೆಪವೇ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಅತ್ತೆಯ ವ್ಯಾನು ಬರೋ ಶನಿವಾರ ತಪಾಸಣೆಗೆ ಹೋಗ್ಬೇಕು," ಎಂದ ರಿಂಗು. "ಗಿರಣಿಯವರು ಹೊಸ ಕಾಗದ ಕೇಳಿದಾರೆ. ನೀವೇ ಮಾಡಿ ಮಾವ. ಇಂಜಿನ್ ನೀವೇ ಹುಡುಕಿ, ನೀವೇ ಕೂರ್ಸಿ. ಪಾಸಾದ್ರೆ ಈ ಬೆಂಚು ನೀವಿರೋವರೆಗೂ ಯಾರೂ ಮುಟ್ಟಲ್ಲ. ಆಗ್ಲಿಲ್ಲ ಅಂದ್ರೆ ಶೆಡ್ಡಿನ ಬೀಗದಕೈ ನನಗೆ ಕೊಟ್ಟು ಮನೇಲಿರಿ."

ಮಗಳು ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೇಸ್ತ್ರಿ ಅವಳ ಮುಖ ನೋಡಿದ. ಅವಳು ಡಬ್ಬಿಯ ಮುಚ್ಚಳ ನೋಡುತ್ತಿದ್ದಳು.

"ಆಯ್ತು," ಎಂದ ಮೇಸ್ತ್ರಿ. "ಶನಿವಾರ ಸಂಜೆ ನೀನೇ ನನ್ನ ಬೆಂಚು ಒರೆಸ್ತೀಯ, ರಿಂಗು."

ಆ ಮಾದರಿಯ ವ್ಯಾನುಗಳ ಇಂಜಿನ್ನಿಗೆ ಬೀದಿಯಲ್ಲಿ ಎಂಟರ ಇಂಜಿನ್ ಎಂದೇ ಹೆಸರು. ಬ್ಲಾಕಿನ ಮೇಲೆ ಕೊರೆದ ನಂಬರಿನ ಮೊದಲ ಗುರುತು ಎಂಟು. ಮೇಸ್ತ್ರಿಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ತೋರಿಸಿಕೊಟ್ಟದ್ದು ಹಾಗೆ. ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ, ಎಂಟು. ಹಳೆಯ ಗಾಡಿಗೆ ಬೇರೆ ಇಂಜಿನ್ ಹಾಕುವುದಾದರೆ ಆ ಮೊದಲ ಗುರುತು ಗಾಡಿಯ ದಾಖಲೆ ಪುಸ್ತಕದಲ್ಲಿರುವುದೇ ಆಗಿರಬೇಕು, ಹಿಂದಿನ ಅಂಕಿಗಳು ಬೇರೆಯಾದರೂ ನಡೆಯುತ್ತದೆ. ಇದು ತಪಾಸಣೆಯವರ ಕಟ್ಟಳೆ. ಬಣ್ಣ ಸುಳ್ಳು ಹೇಳುತ್ತದೆ, ಮಾರುವವನು ಸುಳ್ಳು ಹೇಳುತ್ತಾನೆ, ಕೊರೆದ ನಂಬರು ಹೇಳುವುದಿಲ್ಲ ಎಂದು ದೊಡ್ಡ ಮೇಸ್ತ್ರಿ ಸಾಯುವವರೆಗೂ ಹೇಳುತ್ತಿದ್ದ. ಈ ಮೇಸ್ತ್ರಿ ಆ ಮಾತನ್ನು ನಲವತ್ತು ವರ್ಷ ಕಣ್ಣಿಗೊತ್ತಿಕೊಂಡು ಬಂದಿದ್ದ.

ಮರುದಿನ ಅವನು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಗುಜರಿ ಅಂಗಡಿಗಳಿಗೆ ಹೊರಟ. ಮೊದಲನೆಯದು ಇದ್ದ ಜಾಗದಲ್ಲಿ ಬಟ್ಟೆಯಂಗಡಿ ಎದ್ದಿತ್ತು; ಒಳಗೆ ತಂಪು ಗಾಳಿ, ಗೊಂಬೆಗಳಿಗೆ ಉಡಿಸಿದ ಅಂಗಿ. ಎರಡನೆಯದರ ಯಜಮಾನ ಸತ್ತು, ಮಕ್ಕಳು ಇದ್ದಬದ್ದ ಕಬ್ಬಿಣವನ್ನೆಲ್ಲ ಕುಲುಮೆಗೆ ತೂಕಕ್ಕೆ ಹಾಕಿದ್ದರು. ಮೂರನೆಯವನು ಹಳೆಯ ಗೆಳೆಯ, ಈಗ ಕಿವಿ ಪೂರ್ತಿ ಮಂದ. ಎಂಟರದ್ದು ಇದೆಯಾ ಎಂದರೆ ಎಂಟು ಗಂಟೆಗೇ ಬಾಗಿಲು ತೆಗೆಯುತ್ತೇನೆ ಎಂದ. ಕಡೆಗೆ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದ. ಎಂಟರ ಇಂಜಿನ್ನಿನ ಬರೀ ತಲೆ ಇತ್ತು. ಅದರೊಳಗೆ ಮಣ್ಣು ತುಂಬಿ ಏನೋ ಗಿಡ ಹಾಕಿದ್ದರು. ಮೇಸ್ತ್ರಿ ಸ್ವಲ್ಪ ಹೊತ್ತು ಆ ಗಿಡ ನೋಡಿಕೊಂಡು ನಿಂತು ಹಿಂದಿರುಗಿದ.

ದೂರದ ಊರಿನಲ್ಲಿ ಒಂದು ದೊಡ್ಡ ಗುಜರಿ ಇತ್ತು, ಫೋನಿನಲ್ಲೇ ಎಲ್ಲ. ರಿಂಗು ಮಾತಾಡಿದ. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ. ಆ ಕಡೆಯವನು ಏನೋ ಕೇಳಿದ. ರಿಂಗು ಫೋನನ್ನು ಎದೆಗೆ ಒತ್ತಿಹಿಡಿದು ಮಾವನ ಕಡೆ ತಿರುಗಿದ.

"ಎಂಟು ಅಂತೀರಾ ಮಾವ?"

"ನಲವತ್ತು ವರ್ಷದಿಂದ ಅಂತಿದೀನಿ."

"ಪುಸ್ತಕ ನೋಡಿ ಇನ್ನೊಂದ್ಸಲ ಹೇಳಿ." ಡ್ರಾಯರಿನಿಂದ ಗಾಡಿಯ ಪುಸ್ತಕ ತೆಗೆದು ಬಿಚ್ಚಿ ಮುಂದೆ ಹಿಡಿದ.

ಮೇಸ್ತ್ರಿ ಕನ್ನಡಕ ಏರಿಸಿದ. ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ. "ಎಂಟು. ನಿನಗೆ ಕಣ್ಣು ಕಾಣಲ್ವಾ?"

ರಿಂಗು ಫೋನು ಎತ್ತಿಕೊಂಡ. "ಎಂಟೇ," ಎಂದ. "ನಮ್ಮ ಮಾವನೇ ನೋಡಿ ಹೇಳ್ತಿದಾರೆ." ಆಮೇಲೆ ಇನ್ನೂ ಏನೋ ಮಾತಾಡಬೇಕಿತ್ತು ಎಂದು ಫೋನು ಹಿಡಿದುಕೊಂಡೇ ಹೊರಗೆ ಹೋದ. ಬೀದಿಯ ತುದಿಯವರೆಗೂ ಹೋಗಿ, ಬಹಳ ಹೊತ್ತು ಮಾತಾಡಿ ಬಂದ.

ಸೋಮವಾರ ಇಂಜಿನ್ ಬಂತು. ಚೈನ್ ಪುಲ್ಲಿಯಲ್ಲಿ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡುತ್ತಲೇ ಮೇಸ್ತ್ರಿಯ ಹುಬ್ಬು ಗಂಟಾಯಿತು. ಎಣ್ಣೆ ನಿಲ್ಲುವ ಚೇಂಬರಿನ ಗುಂಡಿ ಹಿಂದುಗಡೆ ಇರಬೇಕಾದದ್ದು ಮುಂದುಗಡೆ ಇತ್ತು. ಹಾಗೇ ಕೂರಿಸಿದರೆ ವ್ಯಾನಿನ ಮುಂದಿನ ಆಕ್ಸಲ್ಲಿಗೆ ಬಡಿಯುತ್ತದೆ. ಗೇರ್‌ಬಾಕ್ಸಿಗೆ ಸೇರುವ ಮುಖದಲ್ಲಿ ಮೇಲಿನ ಎರಡು ಬೋಲ್ಟು ಸರಿಯಾಗಿ ಕೂತವು, ಕೆಳಗಿನ ನಾಲ್ಕು ಒಂದೊಂದು ಬೆರಳು ಆಚೆ. ಅವನು ಚಿಂದಿಯಲ್ಲಿ ಉಜ್ಜಿ ನಂಬರು ನೋಡಿದ. ಮೊದಲ ಗುರುತು ಎಂಟೇ ಇತ್ತು, ಕಣ್ಣಿಗೆ ಹೊಡೆಯುವ ಹಾಗೆ. ಹಾಗಾದರೆ ಕಂಪನಿಯವರು ಆಮೇಲಿನ ವರ್ಷಗಳಲ್ಲಿ ಬದಲಾಯಿಸಿರಬೇಕು ಎಂದುಕೊಂಡ. ನಂಬರು ಸರಿಯಿದೆ ಎಂದ ಮೇಲೆ ಉಳಿದದ್ದು ಕೈಯ ಕೆಲಸ.

ಮಧ್ಯಾಹ್ನ ಮಗಳು ಊಟ ತಂದಳು. ಅವಳು ಏಳನೇ ತರಗತಿಯವರೆಗೆ ಓದಿದವಳು. ಡಬ್ಬಿ ಇಡಲು ಜಾಗ ಹುಡುಕುತ್ತ ಇಂಜಿನ್ನಿನ ಹತ್ತಿರ ಬಗ್ಗಿದಳು, ನಂಬರಿನ ಮೇಲೆ ಕಣ್ಣು ನಿಂತಿತು. "ಅಪ್ಪಾ," ಎಂದಳು. ಆಚೆ ಚಕ್ರ ಬಿಚ್ಚುತ್ತಿದ್ದ ರಿಂಗು ಕೆಲಸ ನಿಲ್ಲಿಸಿ ಹೆಂಡತಿಯನ್ನು ನೋಡಿದ.

"ಏನಮ್ಮ?"

"ಉಪ್ಪು ಸ್ವಲ್ಪ ಕಮ್ಮಿ ಆಗಿದೆ," ಎಂದಳು.

ತಿಂದು ನೋಡಿದರೆ ಉಪ್ಪು ಸರಿಯಾಗಿಯೇ ಇತ್ತು. ಮೇಸ್ತ್ರಿ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಆ ಐದು ದಿನ ಅವನು ದುಡಿದ ರೀತಿ ನೋಡಿದವರು ಬೀದಿಯಲ್ಲಿ ಈಗಲೂ ಇದ್ದಾರೆ. ಚೇಂಬರಿನ ಗುಂಡಿಯನ್ನು ಕತ್ತರಿಸಿ, ತಿರುಗಿಸಿ, ಹಿಂದಕ್ಕೆ ಇಟ್ಟು ಬೆಸುಗೆ ಹಾಕಿದ. ಎಣ್ಣೆ ಹೀರುವ ಕೊಳವೆಯನ್ನು ಅಷ್ಟುದ್ದ ಬೆಳೆಸಿದ. ಎರಡು ಮುಖಗಳ ನಡುವೆ ಇಡಲು ದಪ್ಪ ಉಕ್ಕಿನ ಹಾಳೆಯೊಂದನ್ನು ಗರಗಸದಲ್ಲಿ ಕೊಯ್ದು, ರಟ್ಟಿನ ಅಚ್ಚು ಇಟ್ಟು ತೂತು ಹೊಡೆದು, ಅರದಲ್ಲಿ ಉಜ್ಜಿ ಉಜ್ಜಿ ಕೂದಲೆಳೆಯಷ್ಟೂ ವಾಲದ ಹಾಗೆ ಮಾಡಿದ. ಹಾಳೆಯ ದಪ್ಪಕ್ಕೆ ಗೇರ್‌ಬಾಕ್ಸು ಹಿಂದೆ ಸರಿದು ಅದರ ಶಾಫ್ಟು ಇಂಜಿನ್ನನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆ ಶಾಫ್ಟಿನ ತುದಿ ಕೂರುವ ಉದ್ದನೆಯ ಬುಷ್ ಬೇಕಿತ್ತು. ಬುಧವಾರ ಲೇತಿನವನ ಅಂಗಡಿಗೆ ಹೋಗಿ, ಟಾರ್ಪಾಲು ಹೊದಿಸಿದ ಏನೋ ಸಾಮಾನಿನ ಮೇಲೆ ಕಾಲು ಚಾಚಿ ಕೂತು, ಚಹಾ ಕುಡಿಯುತ್ತ, ಬುಷ್ ಮಾಡಿಸಿಕೊಂಡ. ಲೇತಿನವನು ಅವತ್ತು ಬಹಳ ಮರ್ಯಾದೆ ಕೊಟ್ಟ. ಹೇಗಿದೆ ಮೇಸ್ತ್ರೀ ಕೂರೋಕೆ, ಮೆತ್ತಗಿದೆಯಾ ಎಂದು ಎರಡು ಸಲ ಕೇಳಿದ.

ರಿಂಗು ದಿನವೂ ಒಂದು ಸ್ಟೂಲು ಎಳೆದುಕೊಂಡು ಹತ್ತು ನಿಮಿಷ ಮಾವನ ಪಕ್ಕ ಕೂರುತ್ತಿದ್ದ. ಮಾತಿಲ್ಲ ಕತೆಯಿಲ್ಲ. ಕೈಯಲ್ಲಿ ಚಹಾ. ಮೇಸ್ತ್ರಿಗೆ ಅದು ಹಿತವಾಗಿತ್ತು. ಹದಿನಾರು ವರ್ಷದ ಮೇಲೆ ಇವನಿಗೆ ನೋಡಿ ಕಲಿಯುವ ಬುದ್ಧಿ ಬಂತಲ್ಲ ಎಂದುಕೊಂಡ. ಹಾಳೆ ಉಜ್ಜುವುದು ಹೇಗೆ, ಯಾವ ಕಡೆಯಿಂದ ಬೆಳಕು ಹಿಡಿದು ನೋಡಬೇಕು ಎಂದು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿಯೂ ಕೊಟ್ಟ. ರಿಂಗು ತಲೆದೂಗಿದ.

ಶುಕ್ರವಾರ ಮಧ್ಯಾಹ್ನ ಇಂಜಿನ್ ಹೊತ್ತಿಕೊಂಡಿತು. ಮೇಸ್ತ್ರಿ ಕತ್ತು ವಾಲಿಸಿದ. ಒಂದು ಟ್ಯಾಪೆಟ್ಟಿನ ಸದ್ದು ಕೂಡ ಹೆಚ್ಚು ಕಮ್ಮಿ ಇರಲಿಲ್ಲ. ಬೀದಿಯವರು ಬಂದು ನಿಂತಿದ್ದರು. ಚೆನ್ನಾಗಿ ಕೂತಿದೆ ಎಂದು ಒಬ್ಬ ಹೇಳಿದ, ಇನ್ನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ಬೇರೆ ಕಡೆ ನೋಡಿದ. ಮೇಸ್ತ್ರಿ ಆ ಕೈ ನೋಡಲಿಲ್ಲ. ಅವನು ಶಬ್ದ ಕೇಳುತ್ತಿದ್ದ.

ಶನಿವಾರ ಬೆಳಿಗ್ಗೆ ಅಕ್ಕ, ತಮ್ಮ, ಅಳಿಯ ಮೂವರೂ ತಪಾಸಣೆಗೆ ಹೋದರು. ಅಕ್ಕ ವ್ಯಾನು ಓಡಿಸಿದಳು. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡಿದ್ದ. ತಗಡಿನ ಚಪ್ಪರ, ಸಾಲಾಗಿ ನಿಂತ ಗಾಡಿಗಳು, ಉದ್ದನೆಯ ಬೆಂಚಿನ ಮೇಲೆ ಕೂತ ಡ್ರೈವರುಗಳು. ಬ್ರೇಕು ಸರಿ, ದೀಪ ಸರಿ, ಹೊಗೆ ಸರಿ. ಕೊನೆಗೆ ತಪಾಸಣೆಯವನು ಸೀಟು ಎತ್ತಿಸಿ, ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿದ. ಅಚ್ಚು ಮೂಡಿತು. ಪುಸ್ತಕದಲ್ಲಿ ಅಂಟಿಸಿದ್ದ ಹಳೆಯ ಅಚ್ಚಿನ ಪಕ್ಕ ಇಟ್ಟು ನೋಡಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.

"ಇದು ಬೇರೆ ಇಂಜಿನ್. ಆಗಲ್ಲ."

ಮೇಸ್ತ್ರಿ ಮುಂದೆ ಬಂದ. ಬೇರೆಯದು ಹೌದು, ಹಳೆಯದು ಒಡೆದುಹೋಯಿತು, ಆದರೆ ಜಾತಿ ಒಂದೇ, ಮೊದಲ ಗುರುತು ನೋಡಿ, ಅಲ್ಲೂ ಎಂಟು ಇಲ್ಲೂ ಎಂಟು ಎಂದು ಸಮಾಧಾನದಿಂದಲೇ ತಿಳಿಸಿದ. ಚಿಕ್ಕ ಪ್ರಾಯದವರಿಗೆ ಹೀಗೆ ಬಿಡಿಸಿ ಹೇಳಬೇಕಾಗುತ್ತದೆ.

ತಪಾಸಣೆಯವನು ಅವನ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾನೋ ಎಂದು ಅಳೆಯುವ ಹಾಗೆ. ಆಮೇಲೆ ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದ.

"ಯಜಮಾನ್ರೇ, ಇದು ಎಂಟು. ಇದು ಬಿ. ಇಂಗ್ಲಿಷಿನ ಬಿ ಅಕ್ಷರ. ವ್ಯಾನಿನದು ಬಿ. ನೀವು ಹಾಕಿರೋದು ಎಂಟು, ಅದು ನೀರಿನ ಪಂಪಿಗೆ ಬರೋ ಇಂಜಿನ್."

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದ. ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ, ಎರಡರಲ್ಲೂ ಅಷ್ಟೇ. ಇನ್ನೊಮ್ಮೆ ನೋಡಿದ. ಆಗ ಕಂಡಿತು. ಒಂದಕ್ಕೆ ಎರಡೂ ಕಡೆ ಸೊಂಟವಿತ್ತು. ಇನ್ನೊಂದಕ್ಕೆ ಎಡಗಡೆಯಲ್ಲಿ ಸೊಂಟವೇ ಇಲ್ಲ, ಗೋಡೆಗೆ ಒರಗಿ ನಿಂತವನ ಹಾಗೆ ಬೆನ್ನು ನೆಟ್ಟಗಿತ್ತು. ಅಷ್ಟೇ ವ್ಯತ್ಯಾಸ. ದೊಡ್ಡ ಮೇಸ್ತ್ರಿಗೂ ಅಕ್ಷರ ಬರುತ್ತಿರಲಿಲ್ಲ ಎಂಬುದು ಅವನಿಗೆ ಆವತ್ತಿನವರೆಗೂ ಹೊಳೆದಿರಲಿಲ್ಲ. ಸುತ್ತಲಿನ ಗುಜರಿಯವರೂ ಅದೇ ಬೀದಿಯಲ್ಲಿ ಬೆಳೆದವರು. ಎಂಟು ಎಂದರೆ ಬಿ ಕೊಡುತ್ತಿದ್ದರು. ನಲವತ್ತು ವರ್ಷ ಹಾಗೇ ನಡೆದಿತ್ತು.

ಬೆಂಚಿನ ಮೇಲಿದ್ದ ಡ್ರೈವರೊಬ್ಬ ಪಕ್ಕದವನಿಗೆ ಏನೋ ಹೇಳಿದ. ನಗು ಬೆಂಚಿನ ಆ ತುದಿಯವರೆಗೂ ಹೋಯಿತು.

ಹಿಂದಿರುಗುವಾಗ ರಿಂಗು ವ್ಯಾನು ಓಡಿಸಿದ. ಮೇಸ್ತ್ರಿ ಪಕ್ಕದಲ್ಲಿ, ಅಕ್ಕ ಹಿಂದಿನ ಸೀಟಿನಲ್ಲಿ. ಇಂಜಿನ್ ಅವರ ಕೆಳಗೆ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿತ್ತು. ಎರಡು ತಿರುವು ದಾಟಿದ ಮೇಲೆ ಮೇಸ್ತ್ರಿ ಕೇಳಿದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ಬಿ ಬೇಕಾ ಎಂಟು ಬೇಕಾ ಅಂತ ಅವನು ಫೋನಲ್ಲೇ ಕೇಳಿದ. ನಿಮ್ಮನ್ನ ಎರಡು ಸಲ ಕೇಳ್ದೆ."

"ಹೇಳ್ಬಹುದಿತ್ತು."

ರಿಂಗು ಗೇರು ಬದಲಾಯಿಸಿದ. "ಹೇಳಿದ್ರೆ ಕಿವೀಲಿ ಕೂರುತ್ತೆ, ಕೈಗೆ ಇಳಿಯಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಹದಿನಾರು ವರ್ಷ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ ಹಾಗಿತ್ತು.

ಅಕ್ಕನ ಗಿರಣಿ ಕೆಲಸ ಹೋಯಿತಲ್ಲ, ನನ್ನ ಮೇಲಿನ ಹಗೆಗೆ ಇವಳ ಅನ್ನ ಕಿತ್ತೆಯಾ ಎಂದು ಮೇಸ್ತ್ರಿ ಕೇಳಿದ. ಆಗ ಹಿಂದಿನಿಂದ ಅಕ್ಕ ಕೆಮ್ಮಿದಳು. ಅವಳದ್ದೇನೂ ಹೋಗಿರಲಿಲ್ಲ. ಗಿರಣಿಯವರ ಹತ್ತಿರ ಒಂದು ವಾರ ಹೆಚ್ಚು ಕೇಳಿ, ತಪಾಸಣೆಗೆ ಮುಂದಿನ ಬುಧವಾರ ಗೊತ್ತುಮಾಡಿಟ್ಟಿದ್ದ ಅಳಿಯ. ಬಿ ಇಂಜಿನ್ನೂ ಬಂದಿತ್ತು. ಎಂಟರ ಜೊತೆ ಅದೇ ಸೋಮವಾರ, ಅದೇ ಲಾರಿಯಲ್ಲಿ. ಲೇತಿನವನ ಅಂಗಡಿಯಲ್ಲಿ ಇಳಿಸಿ ಟಾರ್ಪಾಲು ಹೊದಿಸಿದ್ದರು.

"ನೀನು ಅದರ ಮೇಲೇ ಕೂತು ಚಹಾ ಕುಡಿದೆಯಂತೆ," ಎಂದಳು ಅಕ್ಕ. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕಿಸಿ ನಕ್ಕಳು. "ತಪ್ಪು ತಿಳ್ಕೋಬೇಡ ಕಣೋ. ಹತ್ತೊಂಬತ್ತು ಅಂತ ಬೆರಳು ಒರೆಸ್ಕೊಂಡೆಯಲ್ಲ ಅವತ್ತು, ನನ್ನ ಗಾಡಿ ಸತ್ತು ಬಿದ್ದಿತ್ತು. ನನಗೂ ಹೊಟ್ಟೆ ಉರಿದಿತ್ತು."

ಶೆಡ್ಡು ತಲುಪಿದ ಮೇಲೆ ಮೇಸ್ತ್ರಿ ಜೇಬಿನಿಂದ ಬೀಗದಕೈ ತೆಗೆದು ಬೆಂಚಿನ ಮೇಲಿಟ್ಟ. ಕೈಗೆ ಕೊಡಲಿಲ್ಲ. ರಿಂಗು ಒಂದು ಚಿಂದಿ ತಂದು, ಮಾವ ಅಂದಿದ್ದ ಹಾಗೆಯೇ, ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದ. ಆಮೇಲೆ ಇಬ್ಬರನ್ನು ಕರೆದು ಅದನ್ನು ಎತ್ತಿಸಿದ.

ಬಿ ಇಂಜಿನ್ನನ್ನು ಅವನು ಒಂದೇ ದಿನದಲ್ಲಿ ಕೂರಿಸಿದ. ಬೋಲ್ಟುಗಳೆಲ್ಲ ತಾವಾಗಿಯೇ ಹೋಗಿ ಕೂತವಂತೆ. ಬುಧವಾರ ವ್ಯಾನು ಪಾಸಾಯಿತು. ಮೇಸ್ತ್ರಿ ಅರದಲ್ಲಿ ಉಜ್ಜಿದ್ದ ಉಕ್ಕಿನ ಹಾಳೆಯನ್ನು ಲೇತಿನವನು ಕೇಳಿ ತೆಗೆದುಕೊಂಡು, ಗಾಳಿಗೆ ಬಾಗಿಲು ಬಡಿಯದ ಹಾಗೆ ಒತ್ತಿಟ್ಟ. ಅಷ್ಟು ಸಮನಾದ ಹಾಳೆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತಿತ್ತು.

ಮೇಸ್ತ್ರಿ ಒಂದು ದಿನ ತನ್ನ ಸ್ಪ್ಯಾನರಿನ ಪೆಟ್ಟಿಗೆ ತರಲು ಬೀದಿಗೆ ಹೋದ. ಚಹಾದಂಗಡಿಯ ಮುಂದೆ ಯಾರೋ, "ಎಂಟಣ್ಣ ಬಂದ, ಜಾಗ ಬಿಡ್ರಪ್ಪ" ಎಂದರು. ಕಿವಿ ಎಂಬ ಹೆಸರು ಬರಲು ಅವನಿಗೆ ಹತ್ತು ವರ್ಷ ಹಿಡಿದಿತ್ತು. ಇದು ಒಂದು ವಾರಕ್ಕೇ ಬಂತು. ಶೆಡ್ಡಿನ ಒಳಗಿನಿಂದ ಅಳಿಯನನ್ನು ಯಾರೋ ಕೂಗಿದ್ದು ಕೇಳಿಸಿತು. ಯಜಮಾನ್ರೇ ಎಂದು ಕೂಗಿದ್ದರು.

ಆಮೇಲೆ ಅವನು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರತೊಡಗಿದ. ಮಗಳು ಹೊತ್ತು ಹೊತ್ತಿಗೆ ಊಟ ತಂದಿಡುತ್ತಿದ್ದಳು. ಇವತ್ತು ಉಪ್ಪು ಹೇಗಿದೆ ಎಂದು ಅವನು ದಿನವೂ ಕೇಳುತ್ತಿದ್ದ. ಸರಿಯಿದೆ ಅಪ್ಪ ಎಂದು ಅವಳು ದಿನವೂ ಹೇಳುತ್ತಿದ್ದಳು. ಅವಳ ಕಣ್ಣು ತುಂಬಿಕೊಳ್ಳುವವರೆಗೆ ಇನ್ನೊಮ್ಮೆ ಕೇಳುತ್ತಿದ್ದ.

ಒಂದು ತಿಂಗಳಾಗಿರಬೇಕು. ಒಂದು ಸಂಜೆ ವ್ಯಾನು ಬಂದು ಮೆಟ್ಟಿಲ ಮುಂದೆ ನಿಂತಿತು. ಒಳಗೆ ಗಿರಣಿಯ ಹೆಂಗಸರು ಹನ್ನೆರಡು ಜನ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು, ಅರೆನಿದ್ದೆಯಲ್ಲಿ. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು. ಇಂಜಿನ್ ಆರಿಸಲಿಲ್ಲ.

"ಎಷ್ಟು ದಿನ ಮುಖ ಊದಿಸ್ಕೊಂಡು ಕೂರ್ತೀಯೋ? ನಾನು ನಿನ್ನ ಅಕ್ಕ ಅಲ್ವಾ?" ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಒಂದ್ಸಲ ಕೇಳಿ ಹೇಳೋ. ಅಳಿಯ ಚೆನ್ನಾಗಿದೆ ಅಂತಾನೆ. ಆದ್ರೂ ನಿನ್ನ ಕಿವೀಲಿ ಕೇಳ್ಬೇಕು ಅನ್ನಿಸ್ತು. ಮುಂದಿನ ವಾರದಿಂದ ಮೇಲಿನ ಕಾಲೋನಿಯವರನ್ನೂ ಕರ್ಕೊಂಡು ಹೋಗ್ಬೇಕು, ಪೂರ್ತಿ ಏರಿನ ದಾರಿ. ಏನಾದ್ರೂ ಇದ್ರೆ ಈಗಲೇ ಹೇಳು."

ಎಷ್ಟೋ ವರ್ಷದ ಮೇಲೆ ಅಕ್ಕ ಅವನನ್ನು ಬೇಡಿದ್ದು ಅದೇ ಮೊದಲು. ಮೇಸ್ತ್ರಿ ಕತ್ತು ವಾಲಿಸಿ ಕಣ್ಣು ಮುಚ್ಚಿದ. ಅವಳು ತಾನಾಗಿಯೇ ಆಕ್ಸಿಲರೇಟರು ಒತ್ತಿ ಬಿಟ್ಟಳು, ಒತ್ತಿ ಬಿಟ್ಟಳು. ಟ್ಯಾಪೆಟ್ಟುಗಳು ಸರಿಯಿದ್ದವು. ಚೈನು ಸರಿಯಿತ್ತು. ಎಲ್ಲದರ ಕೆಳಗೆ, ಎರಡನೇ ಸಿಲಿಂಡರಿನ ಬುಡದಲ್ಲಿ, ಬೆರಳ ಗೆಣ್ಣಿನಿಂದ, ಬಹಳ ಮೆಲ್ಲಗೆ, ಒಳಗಿರುವವರನ್ನು ಎಬ್ಬಿಸಲು ಮನಸ್ಸಿಲ್ಲದವರ ಹಾಗೆ, ಯಾರೋ ಬಾಗಿಲು ತಟ್ಟುತ್ತಿದ್ದರು. ಬೇರಿಂಗು ಬಿಗಿಯುವಾಗ ರಿಂಗು ಒಂದು ಬೋಲ್ಟನ್ನು ಅರ್ಧ ಸುತ್ತು ಬಿಟ್ಟಿರಬೇಕು. ಈಗ ತೆಗೆದರೆ ಒಂದು ಗಂಟೆಯ ಕೆಲಸ.

ಅವನು ಕಣ್ಣು ಬಿಟ್ಟು ಅಕ್ಕನನ್ನು ನೋಡಿದ. ಹಿಂದೆ ಕೂತ ಹೆಂಗಸರನ್ನು ನೋಡಿದ. ಒಬ್ಬಳು ಅವನ ಕಡೆ ನೋಡಿ ನಕ್ಕಳು, ಪರಿಚಯದ ನಗು.

"ಚೆನ್ನಾಗಿದೆ," ಎಂದ.

"ನಿಜವಾಗ್ಲೂ?"

"ನನ್ನ ಅಳಿಯ ಮಾಡಿದ ಕೆಲಸ ಅಕ್ಕ. ಕೂದಲೆಳೆ ಹೆಚ್ಚು ಕಮ್ಮಿ ಇಲ್ಲ. ಹೋಗಿ ಬಾ."

ಅಕ್ಕನ ಮುಖ ಅರಳಿತು. ಈಗ ಸಮಾಧಾನ ಆಯ್ತು ನೋಡು ಎಂದು, ಭಾನುವಾರ ಬರುತ್ತೇನೆ, ಒಟ್ಟಿಗೆ ಕೂತು ಊಟ ಮಾಡೋಣ ಎಂದು ಗೇರು ಹಾಕಿದಳು. ವ್ಯಾನು ಬೀದಿಯ ತಿರುವು ದಾಟುವವರೆಗೂ ಅವನು ಆ ತಟ್ಟುವುದನ್ನೇ ಕೇಳುತ್ತಿದ್ದ. ಮಗಳು ಚಹಾ ತಂದಿಟ್ಟು, ಅತ್ತೆ ಏನಂದಳು ಎಂದು ಕೇಳಿದಳು. ಅವನು ಕೈಯಲ್ಲೇ ಸುಮ್ಮನಿರು ಎಂದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಚೆನ್ನಾಗಿ ಬರುತ್ತಿತ್ತು. ಏರಿನ ದಾರಿ ಎಂದರೆ ಇಪ್ಪತ್ತು ದಿನ ಬೇಕಿಲ್ಲ, ಹದಿನಾಲ್ಕು ಸಾಕು. ಬಲಗೈಯ ಕಿರುಬೆರಳನ್ನು ಮಡಿಸಿ, ಅವತ್ತಿನಿಂದಲೇ ಎಣಿಸತೊಡಗಿದ.